ಹಕ್ನಲ್ ಚರ್ಚಿನಲ್ಲಿ ಏಡಾ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಟ್ರಾಮ್ ಹತ್ತಿದರೆ ಹಕ್ನಲ್ ಕೊನೆಯ ನಿಲ್ದಾಣ. ಒಂಬತ್ತು ವರ್ಷದ ಮಗಳು ದಾರಿಯುದ್ದಕ್ಕೂ ಕಿಟಕಿಗೆ ಮೂಗು ಒತ್ತಿಕೊಂಡೇ ಇದ್ದಳು. ಕಂಪ್ಯೂಟರಿನ ಮೊದಲ ಪ್ರೋಗ್ರಾಂ ಬರೆದವಳೆಂದು ಹೆಸರಾದ ಏಡಾ ಲವ್‌ಲೇಸ್ ಸಮಾಧಿಯನ್ನು ಅವಳಿಗೆ ತೋರಿಸಬೇಕೆಂಬುದು ನನ್ನ ಬಹಳ ದಿನದ ಆಸೆ.

ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನ ಒಳಗೆ ತಣ್ಣಗಿತ್ತು. ನೆಲದಲ್ಲಿ ಕವಿ ಬೈರನ್ ಹೆಸರಿನ ಅಮೃತಶಿಲೆಯ ಚಪ್ಪಡಿ. ಕೆಳಗಿನ ನೆಲಮಾಳಿಗೆಯಲ್ಲಿ ಅವನ ಪಕ್ಕದಲ್ಲೇ ಮಗಳು ಏಡಾ.

"ಅವಳಿಗೆ ಅಪ್ಪ ಅಂದ್ರೆ ತುಂಬಾ ಇಷ್ಟನಾ?"

"ಅಪ್ಪನನ್ನು ನೋಡಿದ ನೆನಪೇ ಇರಲಿಲ್ಲ, ಪುಟ್ಟಿ."

ಏಡಾ ಹುಟ್ಟಿದ್ದು 1815ರ ಡಿಸೆಂಬರ್‌ನಲ್ಲಿ. ತಿಂಗಳ ಕೂಸನ್ನು ಎತ್ತಿಕೊಂಡು ತಾಯಿ ಗಂಡನ ಮನೆ ಬಿಟ್ಟಳು. ಬೈರನ್ ದೇಶವನ್ನೇ ಬಿಟ್ಟ. ಮಗಳಿಗೆ ಎಂಟು ವರ್ಷವಿದ್ದಾಗ ಗ್ರೀಸಿನಲ್ಲಿ ತೀರಿಕೊಂಡ. ಅಪ್ಪನ ಕವಿಯ ಹುಚ್ಚು ಮಗಳಿಗೆ ಹತ್ತಬಾರದು ಎಂದು ತಾಯಿ ಗಣಿತ ಕಲಿಸಿದಳು. ಆ ಹುಡುಗಿ ಹನ್ನೆರಡರ ವಯಸ್ಸಿಗೆ ಹಾರುವ ಯಂತ್ರದ ಲೆಕ್ಕ ಹಾಕುತ್ತಾ ಹಕ್ಕಿಯ ರೆಕ್ಕೆ ಅಳೆಯುತ್ತಿದ್ದಳು! ಆಮೇಲೆ ದಡಾರ ಬಂದು ಎಷ್ಟೋ ತಿಂಗಳು ಹಾಸಿಗೆ ಹಿಡಿದಳು. ಊರುಗೋಲು ಹಿಡಿದು ಮತ್ತೆ ನಡೆಯಲು ಕಲಿತಳು.

ಹದಿನೇಳರಲ್ಲಿ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಪರಿಚಯ. ಅವನು ಯೋಚಿಸಿದ್ದ ದೊಡ್ಡ ಲೆಕ್ಕದ ಯಂತ್ರಕ್ಕೆ ತೂತಿನ ರಟ್ಟುಗಳೇ ಆಜ್ಞೆ. ಇದನ್ನು ವಿವರಿಸುವುದು ನನಗೆ ಸುಲಭವಾಯಿತು. ದೊಡ್ಡಬಳ್ಳಾಪುರದಲ್ಲಿ ಜಕಾರ್ಡ್ ಮಗ್ಗದ ಮೇಲೆ ಅಂಥ ರಟ್ಟಿನ ಸರಪಳಿ ತಿರುಗುವುದನ್ನು ಮಗಳು ನೋಡಿದ್ದಳು. ತೂತಿದ್ದರೆ ದಾರ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಸೀರೆಯ ಮೇಲೆ ಹೂವು ಮೂಡುವುದು ಹಾಗೆ. ಮಗ್ಗ ಹೂವು ನೇಯುವಂತೆ ಈ ಯಂತ್ರ ಬೀಜಗಣಿತ ನೇಯುತ್ತದೆ ಎಂದು ಏಡಾ 1843ರಲ್ಲಿ ಬರೆದಳು. ಬರ್ನೂಲಿ ಸಂಖ್ಯೆಗಳು ಎಂಬ ಗಣಿತದ ಒಂದು ಸಾಲನ್ನು ಯಂತ್ರ ಹೇಗೆ ಲೆಕ್ಕ ಹಾಕಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಪಟ್ಟಿಯನ್ನೂ ಕೊಟ್ಟಳು. ಆ ಯಂತ್ರ ಪೂರ್ತಿಯಾಗಲೇ ಇಲ್ಲ.

ಆ ಪಟ್ಟಿಯನ್ನೇ ಮೊದಲ ಕಂಪ್ಯೂಟರ್ ಪ್ರೋಗ್ರಾಂ ಎನ್ನುವವರಿದ್ದಾರೆ. ಮೊದಲ ಪ್ರೋಗ್ರಾಂ ಯಾರದ್ದು, ಏಡಾಳದ್ದೋ ಬ್ಯಾಬೇಜ್‌ದೋ ಎಂಬ ವಾದ ಇನ್ನೂ ಇದೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅವಳ ಇನ್ನೊಂದು ಮಾತು. ಸ್ವರಗಳ ಸಂಬಂಧವನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬರೆದುಕೊಟ್ಟರೆ, ಅದು ಸಂಗೀತವನ್ನೂ ಕಟ್ಟಬಹುದು ಎಂದಳು. ಕರೆಂಟಿನ ದೀಪವೂ ಮನೆಗೆ ಬಂದಿರದ ಕಾಲ ಅದು, ಅಲ್ವಾ?

1852ರಲ್ಲಿ ಕ್ಯಾನ್ಸರ್‌ನಿಂದ ಸತ್ತಾಗ ಅವಳಿಗೆ 36. ಬೈರನ್ ಸತ್ತದ್ದೂ ಅದೇ ವಯಸ್ಸಿನಲ್ಲಿ. ಅಪ್ಪನ ಪಕ್ಕದಲ್ಲೇ ಮಲಗಿಸಿ ಎಂದು ಅವಳೇ ಕೇಳಿಕೊಂಡಿದ್ದಳು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಮಗಳು ಸುಮ್ನೆ ನನ್ನ ಕೈ ಹಿಡಿದುಕೊಂಡಳು.

ವಾಪಸ್ ಬರುವಾಗ ಟ್ರಾಮ್‌ನಲ್ಲಿ ಅವಳು ನನ್ನ ಪುಸ್ತಕ ತೆಗೆದುಕೊಂಡಳು. ಸ ಅಂದ್ರೆ 1, ರಿ ಅಂದ್ರೆ 2. ಮೇಲಿನ ಸ 8 ಆಯಿತು. ನಾಟಿಂಗ್‌ಹ್ಯಾಮ್ ಬರುವಷ್ಟರಲ್ಲಿ ಮೊದಲ ಸರಳೆ ವರಸೆ ಪೂರ್ತಿ ಅಂಕಿಗಳಲ್ಲಿತ್ತು.