ಮೈಕ್ ಇಲ್ಲದ ಕಚೇರಿ, ಎರಡನೇ ಪಿಟೀಲು

ಕಳೆದ ಶನಿವಾರ ಇಂದಿರಾನಗರದ ಒಂದು ಸಣ್ಣ ಹಾಲ್‌ನಲ್ಲಿ ಸ್ಟ್ರಿಂಗ್ ಕ್ವಾರ್ಟೆಟ್ ಕೇಳಿದೆ. ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ (ಕೂತು, ಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು). ನುಡಿಸಿದ ನಾಲ್ವರೂ ಇಪ್ಪತ್ತರ ಆಸುಪಾಸಿನವರು, ಒಬ್ಬನಿಗಂತೂ ಮೀಸೆಯೇ ಸರಿಯಾಗಿ ಬಂದಿಲ್ಲ. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಶುರುವಾಗುವ ಮುಂಚೆ ಏಸಿಯನ್ನೂ ಆರಿಸಿಬಿಟ್ಟರು, ಅದರ ಗುಂಯ್ ಸದ್ದು ಅಡ್ಡ ಬರುತ್ತಂತೆ. ಎಲ್ಲರೂ ಬೆವರು ಒರೆಸಿಕೊಳ್ಳುತ್ತಲೇ ಕೇಳಿದೆವು.

ನಾನು ಹೋಗಿದ್ದು ಪಾಶ್ಚಾತ್ಯ ಸಂಗೀತದ ಮೇಲಿನ ಪ್ರೀತಿಗೇನೂ ಅಲ್ಲ. ನಮ್ಮ ಪಕ್ಕದ ಮನೆ ಹುಡುಗ ಅದರಲ್ಲಿ ಎರಡನೇ ವಯಲಿನ್. ಇಂಜಿನಿಯರಿಂಗ್ ಕೊನೇ ವರ್ಷ. ನಮ್ಮ ಅಡುಗೆಮನೆ ಗೋಡೆಯ ಆ ಕಡೆಗೇ ಅವನ ರೂಮು. ಸಂಜೆ ಹೊತ್ತು ನಾನು ಒಗ್ಗರಣೆ ಹಾಕುವಾಗ ಅವನು ಒಂದೇ ಒಂದು ಚೂರನ್ನು ನುಡಿಸುತ್ತಿದ್ದ. ಮೇಲೆ, ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ. ಶುರು ಎಲ್ಲಿ, ಮುಗಿಯೋದು ಎಲ್ಲಿ ಒಂದೂ ಗೊತ್ತಾಗಲ್ಲ. "ಇದಕ್ಕೆ ಪಲ್ಲವಿ ಇಲ್ವೇನೋ?" ಅಂತ ಒಂದು ದಿನ ಕೇಳಿದೆ. "ಪಲ್ಲವಿ ಬೇರೆಯವರ ಹತ್ರ ಇದೆ ಆಂಟಿ, ಬಂದು ಕೇಳಿ" ಅಂದ.

ಮೊದಲು ನುಡಿಸಿದ್ದು ಹೈಡನ್ 1781ರಲ್ಲಿ ಬರೆದ ಕ್ವಾರ್ಟೆಟ್. ಓಪಸ್ 33 ಅನ್ನೋ ಕೃತಿಗುಚ್ಛದಲ್ಲಿ ಎರಡನೆಯದು, 'ಜೋಕ್' ಅನ್ನೋದು ಅದರ ಅಡ್ಡಹೆಸರು. ಜೋಕ್ ಇರುವುದು ಕೊನೆಯಲ್ಲಿ. ಮುಗೀತು ಅನ್ನಿಸುತ್ತೆ, ಮುಗಿದಿರಲ್ಲ. ಒಂದು ಚೂರು ನುಡಿಸಿ ನಿಲ್ಲಿಸ್ತಾರೆ, ಮತ್ತೊಂದು ಚೂರು, ಮತ್ತೆ ನಿಲ್ಲಿಸ್ತಾರೆ, ಆಮೇಲೆ ಬಹಳ ಹೊತ್ತು ಸುಮ್ನೆ ಕೂತುಬಿಡ್ತಾರೆ. ನಮ್ಮ ಸಾಲಿನ ಹಿರಿಯರೊಬ್ಬರು ಧಾರಾಳವಾಗಿ ಚಪ್ಪಾಳೆ ತಟ್ಟಿದರು, ಹಿಂದೆಯೇ ಅರ್ಧ ಹಾಲ್ ತಟ್ಟಿತು. ಆಗ ನಾಲ್ವರೂ ಕಮಾನು ಎತ್ತಿ, ಶುರುವಿನಲ್ಲಿ ನುಡಿಸಿದ ಅದೇ ಸಾಲನ್ನು ಮೆಲ್ಲಗೆ ನುಡಿಸಿ ಎದ್ದುಬಿಟ್ಟರು! ಇನ್ನೂರ ನಲವತ್ತು ವರ್ಷ ದಾಟಿದ ತಮಾಷೆ, ಬೆಂಗಳೂರಿನಲ್ಲಿ ಇನ್ನೂ ಕೆಲಸ ಮಾಡ್ತಿದೆ.

ನನಗೆ ನೋಡೋಕೂ ಮಜಾ ಇತ್ತು. ತಾಳ ಹಾಕೋರಿಲ್ಲ, ಮೃದಂಗ ಇಲ್ಲ, ಮುಂದೆ ನಿಂತು ಕೈ ಬೀಸೋರೂ ಇಲ್ಲ. ಮೊದಲ ವಯಲಿನ್ ಹುಡುಗಿ ಮೂಗಿನಿಂದ ಒಂದು ಉಸಿರು ಎಳ್ಕೊಳ್ತಾಳೆ, ಅಷ್ಟೇ, ನಾಲ್ಕು ಕಮಾನು ಒಟ್ಟಿಗೆ ತಂತಿ ಮುಟ್ಟುತ್ತವೆ. ಎರಡನೇ ಸಾಲಿನಲ್ಲಿ ಕೂತ ನನಗೆ ಆ ಉಸಿರೂ ಕೇಳಿಸ್ತಿತ್ತು. ಮೈಕ್ ಇದ್ದಿದ್ದರೆ ಇದೆಲ್ಲ ಎಲ್ಲಿ?

ಎರಡನೆಯದು ಡ್ವೋರ್ಜಾಕ್ ಅವರ 'ಅಮೆರಿಕನ್' ಕ್ವಾರ್ಟೆಟ್. ಚೆಕ್ ದೇಶದ ಈ ಮಹಾಶಯರು ನ್ಯೂಯಾರ್ಕಿನಲ್ಲಿ ಸಂಗೀತ ಶಾಲೆಯ ನಿರ್ದೇಶಕರಾಗಿದ್ದಾಗ, 1893ರ ಬೇಸಿಗೆ ರಜೆಗೆ ಅಯೋವಾದ ಸ್ಪಿಲ್‌ವಿಲ್ ಅನ್ನೋ ಹಳ್ಳಿಗೆ ಹೋಗಿದ್ದರು. ಅಲ್ಲಿ ಇದ್ದವರು ಹೆಚ್ಚಿನವರು ಚೆಕ್ ವಲಸಿಗರೇ, ಅಂದರೆ ತಮ್ಮ ಭಾಷೆ ಆಡುವ ಜನ. ಖುಷಿಯಲ್ಲಿ ಮೂರೇ ದಿನಕ್ಕೆ ಕರಡು ಬರೆದು, ಜೂನ್ 23ಕ್ಕೆ ಪೂರ್ತಿ ಮುಗಿಸಿದರು. ಮೊದಲು ನುಡಿಸಿ ನೋಡಿದ್ದೂ ಆ ಊರಲ್ಲೇ, ಅಲ್ಲಿನ ಒಂದು ಚೆಕ್ ಕುಟುಂಬದವರ ಜೊತೆ ತಾವೇ ವಯಲಿನ್ ಹಿಡಿದು. ಮೂರನೇ ಭಾಗದಲ್ಲಿ ಅಲ್ಲಿನ ಒಂದು ಹಕ್ಕಿಯ ಕೂಗನ್ನೂ ಸೇರಿಸಿದ್ದಾರೆ.

ಇದು ಶುರುವಾಗುವುದು ವಿಯೋಲಾದಿಂದ. ವಿಯೋಲಾ ಅಂದರೆ ವಯಲಿನ್‌ಗಿಂತ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ತಗ್ಗು. ಸಾಮಾನ್ಯವಾಗಿ ಇದರ ಕಡೆ ಯಾರೂ ತಿರುಗಿ ನೋಡಲ್ಲ. ಡ್ವೋರ್ಜಾಕ್ ಚಿಕ್ಕ ವಯಸ್ಸಿನಲ್ಲಿ ಪ್ರಾಗ್‌ನ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸ್ತಿದ್ದವರು, ತಮ್ಮವರಿಗೆ ಒಳ್ಳೇ ಜಾಗ ಕೊಟ್ಟಿದ್ದಾರೆ ಅಂತ ನನ್ನ ಅನುಮಾನ. ವಿಯೋಲಾ ಹುಡುಗಿ ಎರಡು ಸಾಲು ನುಡಿಸಿದ್ದೇ ತಡ, ನಾನೂ ನನ್ನ ಪಕ್ಕದ ಗೆಳತಿಯೂ ಮುಖ ಮುಖ ನೋಡಿಕೊಂಡೆವು. ಸ ರಿ ಗ ಪ ದ. ಮೋಹನ ರಾಗದ ಸ್ವರಗಳು! ಸ್ವರ ತೂಗಾಡಿಸೋ ಗಮಕ ಇಲ್ಲ, ಮೋಹನ ಅಂತ ಕರೆಯೋಕಾಗಲ್ಲ, ನಮ್ಮ ಮೇಷ್ಟ್ರು ಕೇಳಿದ್ದರೆ ಬೈತಿದ್ದರು. ಆದರೂ ಆ ರಾಗದ 'ವರವೀಣಾ' ಗೀತೆ ಕಲಿತ ಯಾರ ಕಿವಿಯೂ ಅದನ್ನು ಬಿಡಲ್ಲ.

ಆಮೇಲೆ ಎರಡನೇ ಭಾಗ, ನಿಧಾನದ್ದು. ಅಲ್ಲಿ ಬಂತು ನೋಡಿ, ನಮ್ಮ ಗೋಡೆಯ ಆ ಕಡೆಯ ಮೇಲೆ-ಕೆಳಗೆ. ಪಕ್ಕದ ಮನೆ ಹುಡುಗ ಮತ್ತು ವಿಯೋಲಾ ಹುಡುಗಿ ಸೇರಿ ತೊಟ್ಟಿಲು ತೂಗಿದ ಹಾಗೆ ಅದನ್ನೇ ತೂಗ್ತಾ ಇದ್ದಾರೆ, ಅದರ ಮೇಲೆ ಮೊದಲ ವಯಲಿನ್ ಹಾಡ್ತಿದೆ, ಆಮೇಲೆ ಅದೇ ಹಾಡನ್ನು ಚೆಲ್ಲೋ ತಗೊಳ್ಳುತ್ತೆ. ಪಲ್ಲವಿ ಸಿಕ್ಕಿತು. ಆದರೆ ನನ್ನ ಕಿವಿ ಮಾತ್ರ ಅದರ ಕಡೆ ಹೋಗಲೇ ಇಲ್ಲ, ಪೂರ್ತಿ ಅವನ ಮೇಲೇ ಇತ್ತು. ಚೆಲ್ಲೋ ಜೋರಾದಾಗ ಇವನು ಸ್ವಲ್ಪ ಜಾಸ್ತಿ ಒತ್ತುತ್ತಾನೆ, ಅದು ಇಳಿದಾಗ ಇವನೂ ಇಳೀತಾನೆ. ನಮ್ಮ ಪಕ್ಕವಾದ್ಯದವರು ಕಚೇರಿಯಲ್ಲಿ ಮಾಡುವ ಕೆಲಸವೇ ಅಲ್ವಾ ಇದು? ಇಲ್ಲಿ ಸ್ವರ ಎಲ್ಲ ಬರೆದಿಟ್ಟಿದೆ, ಅಷ್ಟೇ ವ್ಯತ್ಯಾಸ. ಒಬ್ಬನೇ ನುಡಿಸೋ ತನಿ ಗಿನಿ ಏನೂ ಸಿಗಲ್ಲ, ಅವನಿಗಾಗಿ ಅಂತ ಯಾರೂ ಚಪ್ಪಾಳೆ ತಟ್ಟಲ್ಲ.

ಮುಗಿದ ಮೇಲೆ ಮಾತಾಡಿಸಿದೆ. ಟಿಕೆಟ್ ದುಡ್ಡು ಹಾಲ್ ಬಾಡಿಗೆಗೆ ಸರಿಹೋಯಿತಂತೆ. ಚೆಲ್ಲೋ ಹುಡುಗ ಆಟೋದಲ್ಲಿ ಹೋಗೋದು, ವಾದ್ಯ ಸೀಟಿನ ಮೇಲೆ, ಇವನು ಮೂಲೆಯಲ್ಲಿ. ಮುಂದಿನ ಸಲ ರಷ್ಯಾದ ಶೊಸ್ತಕೋವಿಚ್ ಅವರ ಎಂಟನೇ ಕ್ವಾರ್ಟೆಟ್ ನುಡಿಸ್ತಾರಂತೆ. ಅದೂ 1960ರ ಜುಲೈಯಲ್ಲಿ ಮೂರೇ ದಿನದಲ್ಲಿ ಬರೆದದ್ದು. ಈ ಮೂರು ದಿನದ ಚಾಳಿ ಇವರಿಗೆಲ್ಲ ಎಲ್ಲಿಂದ ಬಂತೋ.

ನನಗೆ ಈಗ ತಲೆಯಲ್ಲಿ ಹೊಕ್ಕಿರುವುದು ಮೈಕ್ ವಿಷಯ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದರು ಅಂತ ಹೇಳ್ತಾರೆ. ಈಗ ಐವತ್ತು ಜನರ ಹಾಲ್‌ಗೂ ನಾಲ್ಕು ಸ್ಪೀಕರ್ ಇಡ್ತಾರೆ, ತಂಬೂರಿ ಗುಡುಗಿದ ಹಾಗೆ ಕೇಳುತ್ತೆ, ಮೃದಂಗದ ಎಡಗಡೆ ನೇರ ಎದೆಗೆ ಬಡಿಯುತ್ತೆ. ಭಾನುವಾರ ನಮ್ಮ ಬಡಾವಣೆಯ ಸಂಗೀತ ಸಭೆಯ ಕಾರ್ಯದರ್ಶಿ ಸಿಕ್ಕಿದ್ದರು. ಒಂದೇ ಒಂದು ಕಚೇರಿ ಮೈಕ್ ಇಲ್ಲದೆ ಮಾಡಿ ಸರ್ ಅಂದೆ.

"ಹಿಂದಿನ ಸಾಲಿನವರು ಗಲಾಟೆ ಮಾಡ್ತಾರೆ ಮೇಡಂ."

"ಹಿಂದಿನ ಸಾಲೇ ಇಡಬೇಡಿ."

ನಕ್ಕರು. ಕಮಿಟಿಯಲ್ಲಿ ಕೇಳಿ ಹೇಳ್ತಾರಂತೆ.