ತಪ್ಪು ಯಾರದ್ದು ಅಂತ ಬರೆಯದ ಪತ್ರ

ಪಕ್ಕದ ಮನೆಯಾಕೆಗೆ ಮೊನ್ನೆ ಆಫೀಸಿನಿಂದ ಒಂದು ಪತ್ರ ಬಂತು. ಇಲ್ಲಿ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ನಮ್ಮ ಬೀದಿಯ ಸುಮಾರು ಮನೆಗಳಲ್ಲಿ ಕೇಂದ್ರ ಸರ್ಕಾರದ ನೌಕರರೇ ಇದ್ದಾರೆ. ಆಕೆಯೂ ಒಂದು ಇಲಾಖೆಯಲ್ಲಿ ಸಣ್ಣ ಹುದ್ದೆಯಲ್ಲಿದ್ದಾಳೆ. ಹೆರಿಗೆ ರಜೆಯಲ್ಲಿದ್ದಾಗ ನಿಮಗೆ ಸಂಬಳ ಜಾಸ್ತಿ ಬಂದಿದೆ, ಅದನ್ನು ವಾಪಸ್ ಕಟ್ಟಬೇಕು ಅಂತ ಪತ್ರದಲ್ಲಿತ್ತು. ಆ ಮಗು ಈಗ ಬ್ಯಾಗ್ ಹಾಕಿಕೊಂಡು ಶಾಲೆಗೆ ಹೋಗುತ್ತಿದೆ.

ನಾನು ಲೆಕ್ಕಪತ್ರದ ಕೆಲಸ ಮಾಡುವವಳು ಅಂತ ಆಕೆ ಪತ್ರ ಹಿಡಿದು ನಮ್ಮ ಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು. "ದುಡ್ಡು ಕೊಡಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಜಾಸ್ತಿ ಬರ್ತಾ ಇದೆ ಅಂತ ಆಗಲೇ ನಾನೇ ಫೋನ್ ಮಾಡಿ ಹೇಳಿದ್ದೆ" ಅಂದಳು. ನಾನು ಅಂಕಿ ನೋಡುತ್ತಿದ್ದೆ. ನನ್ನ ಮಗಳು ಹಿಂದೆ ನಿಂತು ಅದೇ ಹಾಳೆ ಓದುತ್ತಿದ್ದಳು. "ಅಮ್ಮ, ಆಂಟಿ ಹೆಸರಿದೆ, ಎಷ್ಟು ಕಟ್ಟಬೇಕು ಅಂತ ಇದೆ, ಕೊನೇ ದಿನ ಇದೆ. ತಪ್ಪು ಮಾಡಿದ್ದು ಯಾರು ಅಂತ ಎಲ್ಲೂ ಇಲ್ವಲ್ಲ?"

ಮತ್ತೊಮ್ಮೆ ಓದಿದೆ. ನಿಜವಾಗಿಯೂ ಇರಲಿಲ್ಲ.

ಈ ಕಥೆ ಊರಿನವರಿಗೆ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. 2016ರ ಫೆಬ್ರವರಿಯಲ್ಲಿ ಕೆನಡಾ ಸರ್ಕಾರ ತನ್ನ ನೌಕರರ ಸಂಬಳಕ್ಕೆ ಫೀನಿಕ್ಸ್ ಅನ್ನುವ ಹೊಸ ಕಂಪ್ಯೂಟರ್ ವ್ಯವಸ್ಥೆ ತಂದಿತು. ವರ್ಷಕ್ಕೆ 7 ಕೋಟಿ ಡಾಲರ್ ಉಳಿಸುವ ಲೆಕ್ಕಾಚಾರ ಅದು. ಅದಕ್ಕಾಗಿ ಬೇರೆ ಬೇರೆ ಇಲಾಖೆಗಳಲ್ಲಿ ಕೂತು ಸಂಬಳದ ಕೆಲಸ ನೋಡುತ್ತಿದ್ದ ಅನುಭವಿಗಳ ಹುದ್ದೆಗಳನ್ನು ತೆಗೆದು, ಬಹಳಷ್ಟು ಕೆಲಸವನ್ನು ನ್ಯೂ ಬ್ರನ್ಸ್‌ವಿಕ್‌ನ ಮಿರಾಮಿಶಿ ಅನ್ನುವ ಸಣ್ಣ ಊರಿಗೆ ಸಾಗಿಸಿದರು. ಆಮೇಲೆ ಶುರುವಾಯಿತು ಗೋಳು. ಕೆಲವರಿಗೆ ಸಂಬಳವೇ ಇಲ್ಲ, ಕೆಲವರಿಗೆ ಅರ್ಧ, ಕೆಲವರಿಗೆ ಜಾಸ್ತಿ. ರಜೆ ಹಾಕಿದವರು, ಬಡ್ತಿ ಸಿಕ್ಕವರು, ಕೆಲಸ ಬಿಟ್ಟವರು, ಯಾರ ಲೆಕ್ಕವೂ ಸರಿ ಇಲ್ಲ. ಸುಮಾರು 2,90,000 ನೌಕರರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಇದರ ಬಿಸಿ ತಟ್ಟಿತು. 2018ರಲ್ಲಿ ಇಲ್ಲಿನ ಮಹಾ ಲೆಕ್ಕಪರಿಶೋಧಕರು ಇದನ್ನು ಅರ್ಥಕ್ಕೇ ಸಿಗದ ವೈಫಲ್ಯ ಅಂತ ಸಂಸತ್ತಿಗೆ ಕೊಟ್ಟ ವರದಿಯಲ್ಲಿ ಬರೆದರು.

ಸಂಬಳ ಬಾರದವರ ಕಷ್ಟ ಎಲ್ಲರಿಗೂ ಅರ್ಥವಾಗುತ್ತದೆ. ಜಾಸ್ತಿ ಬಂದವರದ್ದು ಬೇಗ ಅರ್ಥವಾಗಲ್ಲ. ಅವರ ಖಾತೆಗೆ ಬಂದಿದ್ದು ತೆರಿಗೆ ಕಳೆದು ಉಳಿದ ಹಣ. ಆದರೆ ವರ್ಷ ದಾಟಿದ ಮೇಲೆ ವಾಪಸ್ ಕೇಳಿದ್ದು ತೆರಿಗೆಯೂ ಸೇರಿದ ಪೂರ್ತಿ ಮೊತ್ತ. ಅಂದರೆ ಕೈಗೆ ಬಾರದ ಹಣವನ್ನೂ ಮೊದಲು ಕೈಯಿಂದ ಕೊಟ್ಟು, ಆಮೇಲೆ ತೆರಿಗೆ ಇಲಾಖೆಯಿಂದ ಬಿಡಿಸಿಕೊಳ್ಳಬೇಕು. ಜನ ಗಲಾಟೆ ಮಾಡಿದ ಮೇಲೆ 2019ರಲ್ಲಿ ಸರ್ಕಾರ ಕಾನೂನು ಬದಲಿಸಲು ಹೊರಟಿತು. ಈಗ ಕೈಗೆ ಬಂದಷ್ಟನ್ನೇ ಕಟ್ಟಿದರೆ ಸಾಕು. ಆದರೆ ಅದಕ್ಕೂ ಮೂರು ವರ್ಷದ ಗಡಿ ಇದೆ. ಆಫೀಸಿನವರು ತಡಮಾಡಿ ಆ ಗಡಿ ದಾಟಿದರೂ ಭಾರ ಬೀಳುವುದು ನೌಕರರ ತಲೆಯ ಮೇಲೇ. ಇದು ನನಗೆ ಯಾವ ರೀತಿಯಲ್ಲೂ ನ್ಯಾಯ ಅನ್ನಿಸಲ್ಲ.

ಮಗಳ ಮಾತು ಕೇಳಿದ ಕ್ಷಣ ನನಗೆ ನೆನಪಾಗಿದ್ದು ಅಪ್ಪ.

ಅಪ್ಪ ಸಾಗರ ತಾಲೂಕಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದರು. 2009ರಲ್ಲಿ ನಿವೃತ್ತರಾದರು. ಪಿಂಚಣಿ ಕಡತ ಬೆಂಗಳೂರಿಗೆ ಹೋಗಿ ಆಕ್ಷೇಪಣೆ ಹಾಕಿಸಿಕೊಂಡು ವಾಪಸ್ ಬಂತು. ಯಾವುದೋ ಕಾಲದಲ್ಲಿ ವೇತನ ನಿಗದಿ ಮಾಡುವಾಗ ಗುಮಾಸ್ತರೊಬ್ಬರು ಒಂದು ಇನ್‌ಕ್ರಿಮೆಂಟ್ ಮೊದಲೇ ಸೇರಿಸಿಬಿಟ್ಟಿದ್ದರು. ಅದರ ಮೇಲೆ ಡಿಎ, ಅದರ ಮೇಲೆ ಮುಂದಿನ ಇನ್‌ಕ್ರಿಮೆಂಟು, ಹೀಗೆ ವರ್ಷಗಟ್ಟಲೆ ಬೆಳೆದಿತ್ತು. ಗ್ರಾಚ್ಯುಟಿಯಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಕಟಾವು ಅಂತ ಆದೇಶವಾಯಿತು. ನನ್ನ ತಂಗಿಯ ಮದುವೆಗೆ ಅಂತ ಎತ್ತಿಟ್ಟಿದ್ದ ಹಣ ಅದು.

ಅಪ್ಪ ಸೇವಾ ಪುಸ್ತಕದ ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದರು. ನೀಲಿ ಶಾಯಿಯ ಒಂದು ಸಾಲು, ಅದರ ಕೆಳಗೆ ಯಾರದೋ ಗೀಚಿದ ಸಹಿ, ಉಜ್ಜಿಹೋದ ಸೀಲು. ಅಪ್ಪನ ಕೈ ಅಕ್ಷರ ಅಲ್ಲಿ ಒಂದೂ ಇರಲಿಲ್ಲ. ಆದರೂ ಅವರು ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಯಾರ ಹತ್ರನೂ ಹೇಳಬೇಡ ಮಾರಾಯ್ತಿ. ಮೇಷ್ಟ್ರು ಸರ್ಕಾರದ ದುಡ್ಡು ತಿಂದಿದ್ರು ಅಂತಾರೆ." ಊರಲ್ಲಿ ಪೈಸೆ ಪೈಸೆಗೂ ಲೆಕ್ಕ ಇಡುತ್ತಿದ್ದ ಮನುಷ್ಯ ಅವರು. ದುಡ್ಡು ಹೋಗಿದ್ದಕ್ಕಿಂತ ಆ ನಾಚಿಕೆ ಅವರನ್ನು ಜಾಸ್ತಿ ತಿಂದಿತು. ಮದುವೆಗೆ ಸೊಸೈಟಿಯಲ್ಲಿ ಸಾಲ ಮಾಡಿದರು.

ಅಪ್ಪನ ಕಾಲಕ್ಕೆ ಬಾರದ ಒಂದು ತೀರ್ಪು ಆಮೇಲೆ ಬಂತು. 2014ರ ಡಿಸೆಂಬರ್‌ನಲ್ಲಿ, ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ತಪ್ಪು ಆಫೀಸಿನದ್ದಾಗಿದ್ದರೆ ಕೆಳ ದರ್ಜೆಯ, ಅಂದರೆ ಸಿ ಮತ್ತು ಡಿ ಗುಂಪಿನ ನೌಕರರಿಂದ ವಸೂಲಿ ಮಾಡುವಂತಿಲ್ಲ. ನಿವೃತ್ತರಾದವರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಮಾಡುವಂತಿಲ್ಲ. ಐದು ವರ್ಷಕ್ಕೂ ಹೆಚ್ಚು ಕಾಲ ಜಾಸ್ತಿ ಕೊಟ್ಟುಕೊಂಡು ಬಂದಿದ್ದರೂ ಮಾಡುವಂತಿಲ್ಲ. 2022ರಲ್ಲಿ ಕೇರಳದ ಒಬ್ಬ ನಿವೃತ್ತ ಶಿಕ್ಷಕರ ವಿಷಯದಲ್ಲೂ ಅದೇ ನ್ಯಾಯಾಲಯ, ನೌಕರ ಮೋಸ ಮಾಡದೆ ಬಂದ ಹಣವನ್ನು ಹೀಗೆ ಕೀಳಬಾರದು ಅಂದಿತು. ಇದನ್ನು ಪಕ್ಕದ ಮನೆಯಾಕೆಗೆ ವಿವರಿಸಿದಾಗ ಅವಳು ನಂಬಲೇ ಇಲ್ಲ. "ನಿಮ್ಮ ದೇಶದಲ್ಲಿ ಹೀಗಿದೆಯಾ?" ಅಂತ ಮತ್ತೆ ಮತ್ತೆ ಕೇಳಿದಳು. ಹೌದು, ಇದೆ. ಹೇಳುವಾಗ ನನಗೆ ಹೆಮ್ಮೆಯಾಯಿತು. ಬಡ ನೌಕರ ಬಂದ ಸಂಬಳವನ್ನು ಅಂದಂದಿಗೇ ಮನೆಗೆ ಖರ್ಚು ಮಾಡಿರುತ್ತಾನೆ ಅನ್ನೋದನ್ನು ನಮ್ಮ ನ್ಯಾಯಮೂರ್ತಿಗಳು ಅರ್ಥ ಮಾಡಿಕೊಂಡಿದ್ದಾರೆ.

ಆದರೆ ತೀರ್ಪು ಇರುವುದು ದೆಹಲಿಯಲ್ಲಿ, ಕಟಾವು ಆಗುವುದು ತಾಲೂಕಿನಲ್ಲಿ. ವೇತನ ಪರಿಷ್ಕರಣೆಯಾದಾಗ, ಹೆಚ್ಚು ಬಂದಿದ್ದರೆ ಹಿಂದಿರುಗಿಸುತ್ತೇನೆ ಅಂತ ನೌಕರರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ರೂಢಿ ಇದೆ. 2016ರಲ್ಲಿ ಒಬ್ಬ ನ್ಯಾಯಾಧೀಶರ ಪ್ರಕರಣದಲ್ಲಿ, ಅಂಥ ಮುಚ್ಚಳಿಕೆ ಕೊಟ್ಟಿದ್ದರೆ ವಸೂಲಿ ಮಾಡಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಹತ್ತು ಕಾಗದಗಳ ನಡುವೆ ಅದಕ್ಕೂ ಸಹಿ ಹಾಕಿ ಬಂದವರಿಗೆ ಇದು ಗೊತ್ತೂ ಇರಲ್ಲ.

ನನ್ನ ಚಿಕ್ಕಪ್ಪನ ಮಗಳಿಗೆ ಈಗ ಇಂಥದ್ದೇ ನೋಟಿಸ್ ಬಂದಿದೆ. ಅವಳೂ ಪ್ರೈಮರಿ ಶಾಲೆ ಟೀಚರ್. ತೀರ್ಪಿನ ಪ್ರತಿ ವಾಟ್ಸಾಪ್‌ನಲ್ಲಿ ಕಳಿಸಿ, ಬೇಕಾದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು ಅಂದೆ. "ಅಕ್ಕ, ಬೆಂಗಳೂರಿಗೆ ಓಡಾಡೋಕೆ ರಜೆ ಯಾರು ಕೊಡ್ತಾರೆ? ನಾಳೆ ಟ್ರಾನ್ಸ್‌ಫರ್‌ಗೂ ಅದೇ ಗುಮಾಸ್ತರ ಮುಂದೆ ನಿಲ್ಲಬೇಕಲ್ವಾ" ಅಂದಳು. ಕೋರ್ಟು ಆಮೇಲೆ ನೋಡೋಣ, ಸದ್ಯಕ್ಕೆ ಕಟಾವಿಗೆ ಒಪ್ಪಿಗೆ ಅಂತ ಯಾವ ಕಾಗದಕ್ಕೂ ಸಹಿ ಹಾಕಬೇಡ, ವೇತನ ನಿಗದಿ ಮಾಡಿದ ಪುಟದ ನಕಲು ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು ಅಂದಿದ್ದೇನೆ. ಅರ್ಜಿಯನ್ನು ನಾನೇ ಬರೆದು ಕಳಿಸಿದ್ದೇನೆ. ಆ ಪುಟಕ್ಕೆ ಸಹಿ ಹಾಕಿದ ಅಧಿಕಾರಿಯ ಹೆಸರು ಮತ್ತು ಹುದ್ದೆ ಅದರಲ್ಲಿ ನಾವು ಕೇಳಿರುವ ಮೊದಲನೇ ಮಾಹಿತಿ.