ಸೊನ್ನೆ ತಪ್ಪಿದ ಕ್ಯಾಸೆಟ್

ಗುರುಗಳ ಬಗ್ಗೆ ಬರೆಯುವವರು ಈ ಸಂಚಿಕೆಯಲ್ಲಿ ಬೇಕಾದಷ್ಟು ಮಂದಿ ಇರುತ್ತಾರೆ. ನಾನು ನಮ್ಮ ಶಾಲೆಯ ಯಾವ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ನಾವು ಅವರನ್ನು ಪದದ ಮಾವ ಎನ್ನುತ್ತಿದ್ದೆವು.

1992ರ ಮಳೆಗಾಲ. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನಮ್ಮ ಪೆರ್ಲಕ್ಕೆ ಬರುವ ಬಸ್ಸಿನಿಂದ ಅವರು ಇಳಿಯುವಾಗ ಹೆಗಲಲ್ಲೊಂದು ಬಟ್ಟೆಚೀಲ, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಕಂಜಿರ. ಮಳೆಯ ಥಂಡಿಗೆ ಅದರ ಚರ್ಮ ಸಡಿಲಾಗಿ ನಾದವೇ ಹೊರಡುತ್ತಿರಲಿಲ್ಲ. ಸೀದಾ ನಮ್ಮ ಶಾಲೆಗೆ ಹೋಗಿ, ಸಣ್ಣ ತರಗತಿಯವರಿಗೆ ಗಂಜಿ ಬೇಯಿಸುವ ಒಲೆಯ ಮುಂದೆ ಕುಳಿತು ಕಾಯಿಸುತ್ತಿದ್ದರು. ಗಂಜಿ ಬೇಯಿಸುವ ಅಕ್ಕ ಬೈಯುತ್ತಿದ್ದರು. ಬೈದು ಮುಗಿಸಿ ಒಂದು ತಟ್ಟೆ ಗಂಜಿ, ಹೆಸರುಕಾಳು ಬಡಿಸುತ್ತಿದ್ದರು.

ಊರೂರು ತಿರುಗುತ್ತ ಆಯಾ ಊರಿನ ಮೇಲೆ ಪದ ಕಟ್ಟುವುದು ಅವರ ಕೆಲಸ. ಧಾಟಿ ಸ್ವಂತದ್ದಲ್ಲ, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ. ನೇಜಿ ನೆಡುವ ಹೆಂಗಸರು ಗದ್ದೆಯಲ್ಲಿ ಹೇಳುವ ತುಳು ಕಬಿತಗಳಲ್ಲಿ ಒಬ್ಬಳು ಸಾಲು ಎತ್ತಿಕೊಟ್ಟರೆ ಉಳಿದವರು ‘ಓ ಬೇಲೆ’ ಎಂದು ಸೊಲ್ಲು ಸೇರಿಸುತ್ತಾರಲ್ಲ, ಅದೇ ಧಾಟಿಗೆ ಇವರ ಕನ್ನಡದ ಮಾತು.

“ನಿಮ್ಮೂರಿಗೆ ನೀರು ಎಲ್ಲಿಂದ ಬರುತ್ತದೆ?” ಎಂದು ತರಗತಿಯಲ್ಲಿ ಕೇಳಿದರು. ಸುರಂಗದಿಂದ ಎಂದು ಎಲ್ಲರೂ ಕೂಗಿದೆವು. ಬಾಯಾರು, ಪಡ್ರೆ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳಿಗಾಗಿ ಹೇಳುತ್ತೇನೆ: ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಹಿಡಿಸುವಷ್ಟೇ ಅಗಲಕ್ಕೆ ಕೊರೆಯುತ್ತ ಹೋಗುವುದು. ಒಸರು ಸಿಕ್ಕಿದರೆ ನೀರು ಪಂಪಿನ ಹಂಗಿಲ್ಲದೆ ತಾನಾಗಿಯೇ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ನನ್ನ ಅಜ್ಜ ಸುರಂಗ ಕೊರೆಯುವವರು. ಒಳಗೆ ಹಚ್ಚಿಟ್ಟ ದೀಪ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಗೆ ಬಂದುಬಿಡಬೇಕು ಎಂದು ಅವರು ಹೇಳಿದ್ದನ್ನು ನಾನು ಎದ್ದು ನಿಂತು ಒಪ್ಪಿಸಿದೆ. ಮರುದಿನ ಅದು ಪದದೊಳಗಿತ್ತು. ಒಳಗಿನವನು ಇನ್ನೆಷ್ಟು ಕೋಲು ಕೊರೆಯಬೇಕು ಎಂದು ಗುಡ್ಡವನ್ನು ಕೇಳುತ್ತಾನೆ. ಹೊರಗೆ ಮಣ್ಣು ಹೊರುವವಳು ದೀಪ ಉರಿಯುತ್ತಿದೆಯೇ ಎಂದು ಅವನನ್ನು ಕೇಳುತ್ತಾಳೆ. ಹದಿನಾರು ಸಾಲು, ಬರಿಯ ಪ್ರಶ್ನೆಗಳೇ. ಯಾರೂ ಯಾರಿಗೂ ಉತ್ತರ ಕೊಡುವುದಿಲ್ಲ. ಆಗ ನನಗೆ ಅದು ಕವಿಯ ಮರೆವು ಎನಿಸಿತ್ತು.

ಕ್ಯಾಸೆಟ್ ಮಾಡುವ ಯೋಚನೆ ನಮ್ಮ ಕನ್ನಡ ಮಾಸ್ತರರದು. ಕಂಪೆನಿ ಇಲ್ಲ, ಸ್ಟುಡಿಯೋ ಇಲ್ಲ. ಮಾಸ್ತರರ ಟೇಪ್ ರೆಕಾರ್ಡರ್, ಒಂದು ಶನಿವಾರ, ಹಂಚಿನ ಮಾಡಿನ ತರಗತಿ, ಸೊಲ್ಲು ಹೇಳಲು ನಾವು. ಮಳೆಯ ಸದ್ದು ನಿಲ್ಲಲಿ ಎಂದು ಮಾಸ್ತರರು ಮಧ್ಯಾಹ್ನದವರೆಗೆ ಕಾದರು. “ಆಟಿ ತಿಂಗಳಲ್ಲಿ ಮಳೆ ನಿಲ್ಲಲು ಕಾದರೆ ಕ್ಯಾಸೆಟ್ ಬರುವುದು ದೀಪಾವಳಿಗೆ” ಎಂದರು ಮಾವ. ಮಳೆಯೂ ಸೇರಿಯೇ ಹೋಯಿತು. ಒಂದು ಬದಿಗೆ ಅರ್ಧ ಗಂಟೆಯ ಲೆಕ್ಕ ಯಾರಿಗೂ ನೆನಪಿರಲಿಲ್ಲ, ಹಾಗಾಗಿ ಮೊದಲ ಬದಿಯ ಕೊನೆಯ ಪದ ನಡುವೆಯೇ ತುಂಡಾಗಿದೆ. ನಿಜ ಹೇಳಬೇಕೆಂದರೆ ಕ್ಯಾಸೆಟ್ ಅಷ್ಟೇನೂ ಚೆನ್ನಾಗಿಲ್ಲ. ಗಂಟಲು ಒಡೆಯುವ ವಯಸ್ಸಿನ ಹುಡುಗರ ಸೊಲ್ಲು ಶ್ರುತಿಗೆ ನಿಲ್ಲುವುದುಂಟೆ? ಅಲ್ಲದೆ ಎದುರಿಗೆ ಕುಳಿತು ಕೇಳುವಾಗ ಅವರು ಪ್ರತಿ ಊರಿನಲ್ಲಿಯೂ ಆ ಊರಿನ ಗುಡ್ಡದ ಹೆಸರನ್ನು ಪದಕ್ಕೆ ಸೇರಿಸುತ್ತಿದ್ದರು. ಕ್ಯಾಸೆಟ್ಟಿನಲ್ಲಿ ನಮ್ಮ ಗುಡ್ಡವೊಂದೇ ಉಳಿಯಿತು.

ಕಾಸರಗೋಡಿನ ಅಂಗಡಿಯೊಂದರಲ್ಲಿ ನೂರು ಪ್ರತಿ ಮಾಡಿಸಿ ತಂದರು. ಲೇಬಲ್ ಬರೆಯುವ ಕೆಲಸ ನಮ್ಮದು. ಒಂದು ಬದಿಗೆ ಕನ್ನಡದಲ್ಲಿ ನಾವು, ಇನ್ನೊಂದು ಬದಿಗೆ ಮಲಯಾಳದಲ್ಲಿ ಪಕ್ಕದ ಡಿವಿಷನ್ನಿನವರು. ಅವಸರದಲ್ಲಿ ನಾನು ನಲವತ್ತು ಲೇಬಲ್‌ಗಳ ಮೇಲೆ ‘ಸುರಗದ ಪದ’ ಎಂದು ಬರೆದಿದ್ದೆ. ಮಾಸ್ತರರು ಬೆತ್ತ ಹುಡುಕತೊಡಗಿದಾಗ ಮಾವ ತಡೆದರು. “ಇರಲಿ ಮಾಣಿ, ಸೊನ್ನೆಯನ್ನು ಹಾಡುವಾಗ ನಾನೇ ಹಾಕಿಕೊಳ್ಳುತ್ತೇನೆ.”

ಬಸ್ಸಿನಲ್ಲಿ, ಜಾತ್ರೆಯಲ್ಲಿ, ಯಕ್ಷಗಾನದ ಬಯಲಿನ ಅಂಚಿನಲ್ಲಿ ಕುಳಿತು ತಾವೇ ಮಾರಿದರು. ಮುಂದಿನ ವರ್ಷ ಬಂದರು, ಅದರ ಮುಂದಿನ ವರ್ಷ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಡ್ಕಸ್ಥಳದ ನೆಂಟರ ಮನೆಯ ಅಟ್ಟದಲ್ಲಿ ಒಂದು ಪ್ರತಿ ಸಿಕ್ಕಿತು. ಟೇಪಿಗೆ ಬೂಸಲು ಹಿಡಿದಿತ್ತು, ಹಾಕಿ ಕೇಳಲು ಮನೆಯಲ್ಲಿ ಯಂತ್ರವೂ ಇರಲಿಲ್ಲ. ಲೇಬಲ್ಲಿನ ಅಕ್ಷರ ಮಾತ್ರ ಕಂಡ ಕೂಡಲೇ ಗುರುತಾಯಿತು. ನನ್ನ ನೀಲಿ ಶಾಯಿಯ ‘ಸುರಗ’ದ ನಡುವೆ ಯಾರೋ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ತುರುಕಿದ್ದರು.